ತಮ್ಮ ಐಸ್ ಸೇದುತ್ತಿದ್ದಾನೆ, ಈಗ ನಾವೇನು ಮಾಡಬೇಕು?

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಬೆಂಗಳೂರಿನಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಅಪ್ಪ ಅಮ್ಮ ದಾವಣಗೆರೆಯಲ್ಲಿದ್ದಾರೆ. ತಮ್ಮನಿಗೆ 26 ವರ್ಷ, ರಾತ್ರಿ ಪಾಳಿ ಕೆಲಸ. ಕೆಲವು ತಿಂಗಳಿಂದ ಎರಡು ಮೂರು ದಿನ ನಿದ್ದೆಯೇ ಮಾಡಲ್ಲ, ಆಮೇಲೆ ಒಂದೂವರೆ ದಿನ ಎಬ್ಬಿಸಿದರೂ ಏಳಲ್ಲ. ತುಂಬಾ ಸಣ್ಣಗಾಗಿದ್ದಾನೆ. ಬೀರುವಿನಲ್ಲಿ ಗಾಜಿನ ಕೊಳವೆ, ಬಿಳಿ ಹರಳು ಇದ್ದ ಪುಟ್ಟ ಜಿಪ್ ಕವರ್ ಸಿಕ್ಕಿತು. ಕೇಳಿದರೆ "ಐಸ್ ಅಷ್ಟೇ, ಎಲ್ಲರೂ ಮಾಡ್ತಾರೆ, ನನಗೇನೂ ಚಟ ಇಲ್ಲ" ಅಂದ. ಹೋದ ವಾರ ಎದುರು ಮನೆಯವರು ತನ್ನನ್ನು ರೆಕಾರ್ಡ್ ಮಾಡುತ್ತಿದ್ದಾರೆ ಅಂತ ಕಿಟಕಿಗೆಲ್ಲ ಪೇಪರ್ ಅಂಟಿಸಿ ರಾತ್ರಿಯಿಡೀ ಕೂತಿದ್ದ. ಅವನ ಮೆದುಳು ಹಾಳಾಗಿಹೋಯ್ತಾ? ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತಾ? ಅಪ್ಪ ಊರಿಗೆ ಕರೆತಂದು ರೂಮಲ್ಲಿ ಕೂಡಿಹಾಕೋಣ ಅಂತಾರೆ, ಇಲ್ಲಾಂದ್ರೆ ಮದುವೆ ಮಾಡೋಣ ಅಂತಾರೆ. ಏನು ಮಾಡಲಿ?

ಉತ್ತರ: ನೀವು ಕೇಳಿದ ಪ್ರಶ್ನೆಗಳಿಗೆ ಆಮೇಲೆ ಬರ್ತೀನಿ. ಮೊದಲು ಆ ಕಿಟಕಿಯ ಪೇಪರ್ ವಿಷಯ ಮಾತಾಡೋಣ, ಯಾಕೆಂದರೆ ನಿಮ್ಮ ಪತ್ರದಲ್ಲಿ ತುರ್ತು ಅಂತ ಇರುವುದು ಅದೇ. ಎದುರು ಮನೆಯವರು ರೆಕಾರ್ಡ್ ಮಾಡ್ತಿದ್ದಾರೆ ಅನ್ನುವುದು ನಿಮ್ಮ ತಮ್ಮ ಕಟ್ಟಿದ ಕಥೆ ಅಲ್ಲ, ನಾಟಕವೂ ಅಲ್ಲ. ಅವನಿಗೆ ಅದು ನಿಜ. ಐಸ್, ಅಂದರೆ ಮೆಥಾಂಫೆಟಮೈನ್ ಅನ್ನುವ ಮಾದಕ ವಸ್ತು ಸೇದುವವರಲ್ಲಿ, ಅದರಲ್ಲೂ ಎರಡು ಮೂರು ರಾತ್ರಿ ನಿದ್ದೆಗೆಟ್ಟವರಲ್ಲಿ, ಇಂಥ ಸಂಶಯದ ಭ್ರಮೆ ತುಂಬಾ ಸಾಮಾನ್ಯ. ಯಾರೋ ಹಿಂಬಾಲಿಸ್ತಿದ್ದಾರೆ, ಫೋನಿನಲ್ಲಿ ಏನೋ ಹಾಕಿದ್ದಾರೆ, ಪಕ್ಕದ ರೂಮಿನಲ್ಲಿ ನನ್ನ ಬಗ್ಗೆಯೇ ಮಾತಾಡ್ತಿದ್ದಾರೆ ಅಂತ ಅನ್ನಿಸುತ್ತದೆ. ಇಲ್ಲದ ದನಿ ಕೇಳುತ್ತದೆ. ಕೆಲವರಿಗೆ ಚರ್ಮದ ಕೆಳಗೆ ಹುಳ ಹರಿದ ಹಾಗೆ ಆಗುತ್ತದೆ, ಕೆರೆದು ಕೆರೆದು ಕೈ ಮುಖದ ತುಂಬ ಗಾಯ ಮಾಡಿಕೊಳ್ಳುತ್ತಾರೆ. ನಾನು ನೋಡಿದ ಒಬ್ಬ ಹುಡುಗ ಬಾಗಿಲಿನ ನೋಡುಕಿಂಡಿಗೆ ಟೇಪ್ ಸುತ್ತಿ, ಮೂರು ಫೋನ್ ಬಿಚ್ಚಿ, ಒಂದೊಂದು ಸ್ಕ್ರೂವನ್ನೂ ಟವೆಲ್ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ. ಅವನ ಅಮ್ಮ ಆ ಟವೆಲ್‌ನ ಫೋಟೋ ತೆಗೆದುಕೊಂಡು ಬಂದು ತೋರಿಸಿದರು. ಓದಿದ ಹುಡುಗ, ಕೆಲಸದಲ್ಲಿದ್ದ ಹುಡುಗ.

ಇಂಥ ರಾತ್ರಿ ವಾದ ಮಾಡಬೇಡಿ. "ಹುಚ್ಚು ಹಿಡಿದಿದೆಯಾ, ಅಲ್ಲಿ ಯಾರೂ ಇಲ್ಲ" ಅಂದರೆ ನೀವೂ ಆ ಎದುರು ಮನೆಯವರ ಕಡೆ ಸೇರಿದ್ದೀರಿ ಅಂತಾಗುತ್ತದೆ. "ಹೌದು, ನನಗೂ ಕಾಣಿಸ್ತಿದೆ" ಅಂತಲೂ ಹೇಳಬೇಡಿ. "ನನಗೆ ಕಾಣಿಸ್ತಿಲ್ಲ ಕಣೋ, ಆದರೆ ನಿನಗೆ ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ, ನಾನು ಇಲ್ಲೇ ಇದ್ದೀನಿ" ಅಂದರೆ ಸಾಕು. ದನಿ ಮೆಲ್ಲಗಿರಲಿ. ಟಿವಿ ಆರಿಸಿ, ಲೈಟ್ ಕಡಿಮೆ ಮಾಡಿ. ಹಿಂದಿನಿಂದ ಹೋಗಿ ಮುಟ್ಟಬೇಡಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅವನಿಗೂ ದಾರಿ ಬೇಕು, ನಿಮಗೂ ದಾರಿ ಬೇಕು. ಅಡುಗೆಮನೆಯ ಚಾಕು ಮೊದಲೇ ತೆಗೆದಿಡಿ. ನಿಮ್ಮನ್ನೇ ಅನುಮಾನಿಸಲು ಶುರು ಮಾಡಿದರೆ, ಕೈಯಲ್ಲಿ ಏನಾದರೂ ಹಿಡಿದರೆ, ಮನೆಯಿಂದ ಹೊರಗೆ ಬನ್ನಿ ಮತ್ತು 112ಕ್ಕೆ ಫೋನ್ ಮಾಡಿ. ತಮ್ಮನನ್ನು ಬಿಟ್ಟು ಬಂದೆ ಅಂತ ಆಗ ಅಂದುಕೊಳ್ಳಬೇಡಿ, ಸಹಾಯ ಕರೆಯಲು ಬಂದಿದ್ದೀರಿ ಅಷ್ಟೇ.

ಇನ್ನು ಕೆಲವು ಲಕ್ಷಣ ಕಂಡರೆ ಬೆಳಗಾಗುವವರೆಗೆ ಕಾಯುವ ಹಾಗೇ ಇಲ್ಲ. ಎದೆ ನೋವು, ಮೈ ಕಾದ ಹೆಂಚಾಗುವುದು, ಫಿಟ್ಸ್, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈ ಕಾಲು ಸೋಲುವುದು, ಯಾವತ್ತೂ ಇಲ್ಲದಂಥ ತಲೆನೋವು, ಹೆಸರು ಕೂಗಿದರೂ ಗುರುತು ಹಿಡಿಯದ ಸ್ಥಿತಿ. ಹೀಗಾದರೆ 108ಕ್ಕೆ ಫೋನ್ ಮಾಡಿ. ಐಸ್ ರಕ್ತದೊತ್ತಡವನ್ನೂ ಹೃದಯದ ಬಡಿತವನ್ನೂ ಒಟ್ಟಿಗೆ ಏರಿಸುತ್ತದೆ, ರಕ್ತನಾಳ ಬಿಗಿಯುತ್ತದೆ. ಇಪ್ಪತ್ತು ಮೂವತ್ತರ ವಯಸ್ಸಿನವರಿಗೂ ಲಕ್ವ, ಹಾರ್ಟ್ ಅಟ್ಯಾಕ್ ಆಗುವುದು ಇದರಿಂದಲೇ. ಮೈ ಬಿಸಿ ಏರಿ ಸಾಯುವುದೂ ಇದೆ. ಆಂಬ್ಯುಲೆನ್ಸ್ ಬರುವ ತನಕ ಬಿಗಿ ಬಟ್ಟೆ ಸಡಿಲಿಸಿ, ಫ್ಯಾನ್ ಹಾಕಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ. ಮೂರು ನಾಲ್ಕು ಜನ ಸೇರಿ ಬೋರಲು ಒತ್ತಿ ಹಿಡಿಯುವುದು ಮಾತ್ರ ಬೇಡ, ಉಸಿರು ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಏನು ತೆಗೆದುಕೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಿ. "ಜ್ವರ ಬಂದಿತ್ತು ಡಾಕ್ಟ್ರೇ" ಅಂತ ಮರ್ಯಾದೆಗೆ ಅಂಜಿ ಹೇಳಿದ ಸುಳ್ಳಿನಿಂದ ಒಂದು ಗಂಟೆ ವ್ಯರ್ಥವಾದರೆ ಆ ಗಂಟೆಯೇ ಮುಖ್ಯವಾಗಿರುತ್ತದೆ.

ಈಗ, ಇದು ನಿಜವಾಗಿ ಐಸ್ ಹೌದಾ? ನೀವು ಬರೆದ ಗಾಜಿನ ಕೊಳವೆ, ಊಟ ಬಿಡುವುದು, ನಿದ್ದೆಗೆಡುವುದು, ಆಮೇಲೆ ಸತ್ತ ಹಾಗೆ ಮಲಗುವುದು, ಎಲ್ಲ ಮೆಥಾಂಫೆಟಮೈನ್‌ಗೆ ಹೊಂದುತ್ತದೆ. ಐಸ್, ಮೆತ್, ಕ್ರಿಸ್ಟಲ್ ಅನ್ನುವುದೆಲ್ಲ ಅದನ್ನೇ. ಆದರೆ ಬೆಂಗಳೂರು ಮಂಗಳೂರು ಕಡೆ ಪೇಪರಿನಲ್ಲಿ ದಿನಾ ಓದುವ ಎಂಡಿಎಂಎ ಅನ್ನುವ ಇನ್ನೊಂದು ಮಾದಕ ವಸ್ತು ಕೂಡ ಹರಳಿನ ರೂಪದಲ್ಲೇ ಬರುತ್ತದೆ. ಮಾರುವವನು ಒಂದರ ಹೆಸರಲ್ಲಿ ಇನ್ನೊಂದು ಕೊಟ್ಟರೆ ಕೊಳ್ಳುವವನಿಗೆ ಗೊತ್ತಾಗುವ ದಾರಿಯಿಲ್ಲ. ಆದ್ದರಿಂದ ತಮ್ಮ ಏನು ಹೆಸರು ಹೇಳಿದ ಅನ್ನುವುದಕ್ಕಿಂತ ಮೂತ್ರ ಪರೀಕ್ಷೆ ನಂಬಿಕೆಗೆ ಯೋಗ್ಯ. ಕೊನೆ ಸಲ ತೆಗೆದುಕೊಂಡ ಮೇಲೆ ಎರಡರಿಂದ ನಾಲ್ಕು ದಿನದ ತನಕ ಅದರಲ್ಲಿ ಸಿಗುತ್ತದೆ. ಅವನಿಗೆ ಗೊತ್ತಿಲ್ಲದ ಹಾಗೆ ಮಾಡಿಸಬೇಡಿ ಅಷ್ಟೇ. ಕದ್ದು ಮಾಡಿಸಿದ ಪರೀಕ್ಷೆಯಿಂದ ಒಂದು ಉತ್ತರ ಸಿಗುತ್ತದೆ, ಅವನ ನಂಬಿಕೆ ಪೂರ್ತಿ ಹೋಗುತ್ತದೆ. ಇನ್ನೊಂದು ಮಾತು, ಬೀರುವಿನಲ್ಲಿ ಸಿಕ್ಕಿದ ಕವರನ್ನು ಸಾಕ್ಷಿಗೆ ಅಂತ ನಿಮ್ಮ ಬ್ಯಾಗಲ್ಲಿ ಇಟ್ಟುಕೊಂಡು ತಿರುಗಬೇಡಿ. ಕಾನೂನಿನ ಪ್ರಕಾರ ಆಗ ಅದು ನಿಮ್ಮ ಬಳಿ ಇರುವ ಮಾಲು.

"ಎಲ್ಲರೂ ಮಾಡ್ತಾರೆ" ಅಂದನಲ್ಲ, ಅದು ನಿಜವಲ್ಲ. ಏಮ್ಸ್‌ನವರು ದೇಶದಾದ್ಯಂತ ಮಾಡಿ 2019ರಲ್ಲಿ ಹೊರತಂದ ಸಮೀಕ್ಷೆಯಲ್ಲಿ 10ರಿಂದ 75 ವರ್ಷದವರ ಪೈಕಿ ಈ ಜಾತಿಯ ಉತ್ತೇಜಕ ಬಳಸಿದವರು ಶೇ 0.18. ಸಾವಿರಕ್ಕೆ ಇಬ್ಬರೂ ಇಲ್ಲ. ಅವನ ಗುಂಪಿನಲ್ಲಿ ಎಲ್ಲರೂ ಮಾಡ್ತಾರೆ, ಅದು ಬೇರೆ ವಿಷಯ. ಹಾಗಂತ ಮಾಲು ಕಡಿಮೆ ಬರ್ತಿದೆ ಅಂತ ನಾನು ಹೇಳ್ತಿಲ್ಲ. 2024ರ ನವೆಂಬರ್‌ನಲ್ಲಿ ಅಂಡಮಾನ್ ಹತ್ತಿರ ಮ್ಯಾನ್ಮಾರ್‌ನ ಮೀನುಗಾರಿಕೆ ದೋಣಿಯೊಂದರಲ್ಲಿ ಕರಾವಳಿ ಕಾವಲು ಪಡೆಯವರಿಗೆ ಸಿಕ್ಕಿದ ಮೆತ್ ಐದೂವರೆ ಟನ್‌ಗೂ ಜಾಸ್ತಿ.

ಇದು ಮೈಯೊಳಗೆ ಏನು ಮಾಡುತ್ತದೆ ಅಂತ ಸ್ವಲ್ಪ ಹೇಳ್ತೀನಿ, ಯಾಕೆಂದರೆ ನಿಮ್ಮ ಅಪ್ಪನಿಗೆ ಇದು ಅರ್ಥವಾಗಬೇಕು. ನಮಗೆ ಊಟ ಹಿಡಿಸಿದಾಗ, ಯಾರೋ ಮೆಚ್ಚಿಕೊಂಡಾಗ, ಕೆಲಸ ಮುಗಿದಾಗ ಖುಷಿ ಆಗುತ್ತದಲ್ಲ, ಅದರಲ್ಲಿ ಡೋಪಮೈನ್ ಅನ್ನುವ ರಾಸಾಯನಿಕದ ಪಾಲು ದೊಡ್ಡದು. ನರಕೋಶ ಅದನ್ನು ಸಣ್ಣ ಸಣ್ಣ ಚೀಲಗಳಲ್ಲಿ ಕೂಡಿಟ್ಟು, ಬೇಕಾದಾಗ ಚೂರು ಬಿಟ್ಟು, ಕೆಲಸವಾದ ಮೇಲೆ ವಾಪಸ್ ಎಳೆದುಕೊಳ್ಳುತ್ತದೆ. ಮೆತ್ ಆ ಚೀಲಗಳನ್ನು ಖಾಲಿ ಮಾಡಿಸಿ, ವಾಪಸ್ ಎಳೆಯುವ ಪಂಪನ್ನೇ ಹಿಂದುಮುಂದಾಗಿ ಓಡಿಸುತ್ತದೆ. ಕೊಕೇನ್ ಏರಿದ್ದು ಹೆಚ್ಚೆಂದರೆ ಒಂದು ಗಂಟೆಯಲ್ಲಿ ಇಳಿಯುತ್ತದೆ, ಇದು 8ರಿಂದ 12 ಗಂಟೆ ಹಿಡಿದು ಕೂರುತ್ತದೆ. ಹಸಿವಿಲ್ಲ, ನಿದ್ದೆ ಬೇಡ, ಧೈರ್ಯ ಜಾಸ್ತಿ, ಮಾತು ಜಾಸ್ತಿ. ರಾತ್ರಿ ಪಾಳಿಯವನಿಗೆ ಮೊದಲ ತಿಂಗಳು ಇದು ವರ ಅಂತಲೇ ಅನ್ನಿಸಿರುತ್ತದೆ. ಕೆಲಸ ಸಲೀಸು, ಮ್ಯಾನೇಜರ್ ಹೊಗಳಿರುತ್ತಾನೆ. ಹೀಗೆ ಕೆಲಸಕ್ಕೋಸ್ಕರ ಬಳಸಿದ ಚರಿತ್ರೆಯೇ ಇದಕ್ಕಿದೆ. 1893ರಲ್ಲಿ ಜಪಾನಿನಲ್ಲಿ ಮೊದಲು ತಯಾರಾಯಿತು, ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ಜಪಾನ್ ಎರಡೂ ತಮ್ಮ ಸೈನಿಕರನ್ನು ಎಚ್ಚರವಾಗಿಡಲು ಮಾತ್ರೆಯಾಗಿ ಹಂಚಿದವು. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಅದೇ ಮಾತ್ರೆ ಊರಿಗೆಲ್ಲ ಹಬ್ಬಿ ದೊಡ್ಡ ಪಿಡುಗಾಯಿತು.

ಮುಂದಿನ ತಿಂಗಳ ಸಂಬಳವನ್ನೂ ಇವತ್ತೇ ಖರ್ಚು ಮಾಡಿದ ಹಾಗೆ ಇದು. ಇಳಿದಾಗ ಮನಸ್ಸಿನಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕೇ ಅವನು ಒಂದೂವರೆ ದಿನ ಮಲಗುವುದು, ಎದ್ದ ಮೇಲೆ ಸಿಕ್ಕಿದ್ದೆಲ್ಲ ತಿನ್ನುವುದು, ಮುಖ ಗಂಟಿಕ್ಕಿಕೊಂಡಿರುವುದು.

ಉಳಿದ ಅಪಾಯ ಬೇಗ ಹೇಳಿಬಿಡ್ತೀನಿ. ಬಾಯಿ ಒಣಗಿ, ಹಲ್ಲು ಕಡಿದು, ನೀರಿನ ಬದಲು ಸಿಹಿ ಕೂಲ್‌ಡ್ರಿಂಕ್ ಕುಡಿದು ಹಲ್ಲು ಬೇಗ ಹಾಳಾಗುತ್ತದೆ. ವರ್ಷಗಟ್ಟಲೆ ಬಳಸಿದರೆ ಹೃದಯದ ಸ್ನಾಯು ದುರ್ಬಲವಾಗುತ್ತದೆ, ಮರೆವು ಜಾಸ್ತಿ, ಗಮನ ನಿಲ್ಲುವುದಿಲ್ಲ. ಇದರ ಮೇಲೆ ಮದ್ಯ ಕುಡಿದರೆ ಎಷ್ಟು ಕುಡಿದೆ ಅಂತಲೇ ಗೊತ್ತಾಗುವುದಿಲ್ಲ. ಸಿರಿಂಜ್ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ. ಇನ್ನೊಂದು ವಿಷಯ ಮನೆಯಲ್ಲಿ ಯಾರೂ ಬಾಯಿಬಿಡುವುದಿಲ್ಲ. ಇದು ಕಾಮಾಸಕ್ತಿಯನ್ನು ಏರಿಸುತ್ತದೆ, ಎಚ್ಚರಿಕೆಯನ್ನು ಅಳಿಸುತ್ತದೆ, ಎಷ್ಟೋ ಜನ ಲೈಂಗಿಕ ಸಂಬಂಧದ ಜೊತೆಗೇ ಇದನ್ನು ಬಳಸುತ್ತಾರೆ. ಅಕ್ಕನಾಗಿ ನೀವು ಇದನ್ನು ಅವನ ಹತ್ತಿರ ಕೇಳಬೇಕಾಗಿಲ್ಲ. "ಡಾಕ್ಟರ ಹತ್ತಿರ ಎಲ್ಲ ಪರೀಕ್ಷೆ ಮಾಡಿಸ್ಕೊ, ನಾನು ಹೊರಗೆ ಕೂತಿರ್ತೀನಿ" ಅನ್ನಿ ಸಾಕು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಅನ್ನುವ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಯೂ ಇರುತ್ತದೆ. ಅಪಾಯದ ಸಂಪರ್ಕ ಆಗಿದ್ದರೆ 72 ಗಂಟೆಯೊಳಗೆ ಹೋದರೆ ಸೋಂಕು ತಡೆಯುವ ಮಾತ್ರೆ ಶುರು ಮಾಡಬಹುದು.

ಮೆದುಳು ಹಾಳಾಗಿಹೋಯ್ತಾ ಅಂದಿರಿ. ಪೆಟ್ಟು ಬಿದ್ದಿದೆ. ಆದರೆ ಹೋಗಿಬಿಟ್ಟಿಲ್ಲ. ಅಮೆರಿಕದಲ್ಲಿ ಮೆತ್ ಬಿಟ್ಟವರ ಮೆದುಳನ್ನು ಸ್ಕ್ಯಾನ್ ಮಾಡಿ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ನಾನು ಮೇಲೆ ಹೇಳಿದ ಆ ವಾಪಸ್ ಎಳೆಯುವ ಪಂಪುಗಳು ಬಿಟ್ಟ ಹೊಸದರಲ್ಲಿ ಕಡಿಮೆ ಇದ್ದವು, 12ರಿಂದ 17 ತಿಂಗಳು ದೂರ ಇದ್ದ ಮೇಲೆ ಅದೇ ಜನರಲ್ಲಿ ಗಮನಾರ್ಹವಾಗಿ ಚೇತರಿಸಿಕೊಂಡಿದ್ದವು. ನೆನಪಿನ ಪರೀಕ್ಷೆಯಂಥವು ಅಷ್ಟೇ ವೇಗದಲ್ಲಿ ಸುಧಾರಿಸಿರಲಿಲ್ಲ. ಅಂದರೆ ವಾರಗಳ ಲೆಕ್ಕವಲ್ಲ, ಒಂದು ವರ್ಷದ ಲೆಕ್ಕ. ಭ್ರಮೆಯ ಮಾತು ಬೇರೆ, ಅದು ಬಹಳ ಜನರಿಗೆ ಬಿಟ್ಟ ಕೆಲವು ದಿನಗಳಲ್ಲಿ ಇಳಿಯುತ್ತದೆ. ಇಳಿಯದೆ ತಿಂಗಳು ದಾಟಿದರೆ ಬೇರೆ ಮಾನಸಿಕ ಕಾಯಿಲೆ ಇದೆಯಾ ಅಂತ ನೋಡಲೇಬೇಕು. ಇಳಿದು, ಮತ್ತೆ ಸೇದಿದರೆ ಮುಂದಿನ ಸಲ ಇನ್ನೂ ಕಡಿಮೆ ಪ್ರಮಾಣಕ್ಕೇ, ಇನ್ನೂ ಬೇಗ ಮರುಕಳಿಸುವುದುಂಟು.

ಈಗ ನಾನು ನಿಮಗೆ ಹೇಳಲೇಬೇಕಾದ ಮುಖ್ಯ ಮಾತು. ಮನೆಯವರು ಬಹಳ ಸಲ ಮೊದಲ ಹತ್ತು ದಿನವನ್ನೇ ಚಿಕಿತ್ಸೆ ಅಂದುಕೊಳ್ಳುತ್ತಾರೆ. ಮಲಗಿದ, ಎದ್ದ, ಚೆನ್ನಾಗಿ ಊಟ ಮಾಡಿದ, ಮೈ ತುಂಬಿಕೊಂಡಿತು, "ಇನ್ನು ಮುಟ್ಟಲ್ಲ" ಅಂತ ಅಮ್ಮನ ಮೇಲೆ ಆಣೆ ಮಾಡಿದ, ಮುಗೀತು ಅಂತ ಊರಿಗೆ ಫೋನ್ ಮಾಡುತ್ತಾರೆ. ನಿಜವಾದ ಕಷ್ಟ ಶುರುವಾಗುವುದೇ ಆಮೇಲೆ. ಎರಡನೇ ವಾರದಿಂದ ಎರಡು ಮೂರು ತಿಂಗಳವರೆಗೆ ಅವನಿಗೆ ಯಾವುದೂ ರುಚಿಸುವುದಿಲ್ಲ. ಸಿನಿಮಾ ಬೇಡ, ಕ್ರಿಕೆಟ್ ಬೇಡ, ಸ್ನೇಹಿತರ ಮಾತೂ ಸಪ್ಪೆ. ಬೆಳಿಗ್ಗೆ ಹತ್ತಕ್ಕೆ ಏಳುತ್ತಾನೆ, ಮಂಚದ ತುದಿಯಲ್ಲಿ ಕೂತು ಗೋಡೆ ನೋಡುತ್ತಾನೆ. ಆಗ ಅಪ್ಪ "ಸೋಮಾರಿ, ತಿಂದು ಮಲಗ್ತೀಯ" ಅಂತಾರೆ. ಅದು ಸೋಮಾರಿತನ ಅಲ್ಲ, ಖಾಲಿಯಾದ ಮೆದುಳು ಇನ್ನೂ ತುಂಬಿಕೊಂಡಿಲ್ಲ. ಮತ್ತೆ ಸೇದಲು ಹೋಗುವುದು ಹೆಚ್ಚಾಗಿ ಈ ಸಪ್ಪೆ ದಿನಗಳಲ್ಲೇ, ಮಜಾ ಬೇಕು ಅಂತಲ್ಲ, ಈ ಸಪ್ಪೆ ತಡೆಯಲಾಗದೆ. ಆತ್ಮಹತ್ಯೆಯ ಯೋಚನೆ ಬರುವುದೂ ಇಳಿದ ದಿನಗಳಲ್ಲಿ ಮತ್ತು ಈ ಹೊತ್ತಿನಲ್ಲಿ. ಅದನ್ನು ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ತಲೆಗೆ ಆ ಯೋಚನೆ ಹಾಕಿದ ಹಾಗಾಗುತ್ತದೆ ಅನ್ನುವ ಭಯ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಾಗಾದರೆ ಔಷಧ ಇಲ್ವಾ? ಹೆರಾಯಿನ್ ಚಟಕ್ಕೆ ಬದಲಿ ಮಾತ್ರೆ ಇರುವ ಹಾಗೆ ಇದಕ್ಕೆ ಇಲ್ಲ. ಭ್ರಮೆಗೆ, ಸಿಟ್ಟಿಗೆ, ನಿದ್ದೆಗೆ, ಖಿನ್ನತೆಗೆ ಔಷಧ ಇದೆ, ಅದು ಕೆಲಸವನ್ನೂ ಮಾಡುತ್ತದೆ. ಚಟವನ್ನೇ ಕೀಳುವ ಮಾತ್ರೆ ಇಲ್ಲ. 2021ರಲ್ಲಿ ಎರಡು ಔಷಧ ಸೇರಿಸಿ ಮಾಡಿದ ದೊಡ್ಡ ಪ್ರಯೋಗದಲ್ಲಿ ಫಲ ಕಂಡದ್ದು ನೂರಕ್ಕೆ ಹದಿಮೂರು ಹದಿನಾಲ್ಕು ಜನರಿಗೆ, ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ ಎರಡು ಮೂರು. ಇದೊಂದು ಸಹಾಯ, ಪರಿಹಾರ ಅಲ್ಲ. ಇವತ್ತಿಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಆಪ್ತಸಮಾಲೋಚನೆ, ಮತ್ತು ಮೂತ್ರ ಪರೀಕ್ಷೆ ಸರಿಯಿದ್ದ ಪ್ರತಿ ಸಲಕ್ಕೂ ಅಲ್ಲೇ ಸಿಗುವ ಸಣ್ಣ ಬಹುಮಾನ. ಇದನ್ನು ಕೇಳಿ ಅಪ್ಪಂದಿರು ಸಿಟ್ಟಾಗುತ್ತಾರೆ, "ತಪ್ಪು ಮಾಡದಿದ್ದಕ್ಕೆ ಲಂಚವಾ" ಅಂತ. ಆದರೆ ಖುಷಿಯೇ ಹುಟ್ಟದ ತಲೆಗೆ ದೂರದ ಲಾಭ ಕಾಣುವುದಿಲ್ಲ, ಇವತ್ತು ಕೈಗೆ ಸಿಗುವ ಚಿಕ್ಕದು ಕಾಣುತ್ತದೆ. ಎಷ್ಟೋ ಪ್ರಯೋಗಗಳಲ್ಲಿ ಇದು ಸಾಬೀತಾಗಿದೆ. ಮನೆಯಲ್ಲಿ ಮಾಡುವುದಾದರೆ ವೈದ್ಯರ ಜೊತೆ ಮಾತಾಡಿ ಮಾಡಿ, ಕೈಗೆ ನಗದು ಕೊಡಬೇಡಿ. ವಾರದ ಪರೀಕ್ಷೆ ಸರಿ ಬಂದರೆ ಅವನಿಗೆ ಇಷ್ಟವಾದ ಊಟ, ಬ್ಯಾಡ್ಮಿಂಟನ್ ಕೋರ್ಟಿನ ಫೀಸು, ಹೀಗೆ.

ಎಲ್ಲಿಗೆ ಹೋಗುವುದು? ಬೆಂಗಳೂರಿನಲ್ಲಿದ್ದೀರಿ, ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಬೇರೆ ವಿಭಾಗ ಇದೆ. ಮೊದಲ ದಿನ ಸರದಿ ಕಾಯಬೇಕಾಗುತ್ತದೆ, ತಿಂಡಿ ನೀರು ತೆಗೆದುಕೊಂಡು ಬೆಳಿಗ್ಗೆಯೇ ಹೋಗಿ. ಹೋಗುವ ಮುಂಚೆ ಫೋನಿನಲ್ಲಿ ಮಾತಾಡಬೇಕಾದರೆ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ. ಅವನು ಬಾರದಿದ್ದರೂ ನೀವೊಬ್ಬರೇ ಮಾಡಿ ಕೇಳಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಊರಿಗೆ ಹೋಗುವುದಾದರೆ ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಸಿಗುತ್ತಾರೆ, ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಇದೆ.

ಖಾಸಗಿ ವ್ಯಸನಮುಕ್ತಿ ಕೇಂದ್ರಗಳ ಬಗ್ಗೆ ಎಚ್ಚರ. ಒಳ್ಳೆಯವು ಖಂಡಿತ ಇವೆ. ಆದರೆ ರಾತ್ರಿ ವ್ಯಾನ್ ಕಳಿಸಿ ಎಳೆದುಕೊಂಡು ಹೋಗುವ, ಮೂರು ತಿಂಗಳು ಮನೆಯವರಿಗೆ ಮುಖವನ್ನೂ ತೋರಿಸದ ಜಾಗಗಳೂ ಇವೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ತೋರಿಸಿ ಅಂತ ಕೇಳಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ನಾವು ಯಾವಾಗ ಬಂದು ನೋಡಬಹುದು, ಅಂತ ಕೇಳಿ. ಉತ್ತರ ಹಾರಿಸಿದರೆ ಅಲ್ಲಿಂದ ಎದ್ದು ಬನ್ನಿ. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೂರ್ತಿ ನಿಷೇಧಿಸಿದೆ. ಇದನ್ನು ಅಪ್ಪನಿಗೂ ಹೇಳಿ. ಮನೆಯಲ್ಲಿ ಕೂಡಿಹಾಕಿದರೆ ಭ್ರಮೆ ಇರುವವನಿಗೆ ತನ್ನ ಸಂಶಯ ನಿಜವಾಯಿತು ಅನ್ನಿಸುತ್ತದೆ, ಕಿಟಕಿಯಿಂದ ಹಾರಿದವರಿದ್ದಾರೆ. ಅವನು ಒಪ್ಪದೆಯೂ ಅಡ್ಮಿಟ್ ಮಾಡಲೇಬೇಕಾದ ಸ್ಥಿತಿ ಬಂದರೆ ಅದೇ ಕಾಯ್ದೆಯಲ್ಲಿ ದಾರಿ ಇದೆ, ವೈದ್ಯರು ಪರೀಕ್ಷಿಸಿ 30 ದಿನಗಳವರೆಗೆ ಮಾಡಬಹುದು.

ಪೊಲೀಸ್ ಕೇಸಿನ ಭಯ. ಚಿಕಿತ್ಸೆಗೆ ಬಂದ ಅಂತ ಆಸ್ಪತ್ರೆಯವರು ಯಾರನ್ನೂ ಪೊಲೀಸರಿಗೆ ಒಪ್ಪಿಸುವುದಿಲ್ಲ, ರೋಗಿಯ ವಿಷಯ ಗುಟ್ಟಾಗಿಡುವುದು ಕಾನೂನೇ ಹಾಕಿದ ಹೊಣೆ. ಮಾದಕ ವಸ್ತುಗಳ ನಿಯಂತ್ರಣಕ್ಕೆಂದೇ ಇರುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬಳಸುವುದು ಅಪರಾಧ ಹೌದು. ಆದರೆ ಅದೇ ಕಾಯ್ದೆಯ 64ಎ ಕಲಮಿನಲ್ಲಿ ಬಳಕೆಯ ಅಥವಾ ಸಣ್ಣ ಪ್ರಮಾಣದ ಕೇಸು ಇರುವ ವ್ಯಸನಿ ತಾನೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಪೂರ್ತಿ ಮಾಡಬೇಕು. ಮೆತ್‌ಗೆ ಸಣ್ಣ ಪ್ರಮಾಣ ಅಂದರೆ 2 ಗ್ರಾಂ, 50 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಶಿಕ್ಷೆ ಕನಿಷ್ಠ 10 ವರ್ಷ. ನಿಮ್ಮ ತಮ್ಮ ತಾನು ತರುವಾಗ ಗೆಳೆಯರಿಗೂ ತಂದುಕೊಡುತ್ತಿದ್ದರೆ ಅದು ಬರೀ ಬಳಕೆ ಆಗಿ ಉಳಿಯುವುದಿಲ್ಲ. ಅವನಿಗೆ ಇದು ಗೊತ್ತಿರುವ ಸಾಧ್ಯತೆ ಕಡಿಮೆ. ಒಂದು ಸಲ ಶಾಂತವಾಗಿ ಹೇಳಿ.

ಮಾತು ಯಾವಾಗ ಎತ್ತಬೇಕು ಅನ್ನುವುದೂ ಮುಖ್ಯ. ಏರಿದಾಗ ಬೇಡ, ಇಳಿದು ಮಲಗಿ ಎದ್ದ ಮೊದಲ ದಿನವೂ ಬೇಡ. ನಿದ್ದೆ ಊಟ ಆಗಿ ಒಂದೆರಡು ದಿನವಾದ ಮೇಲೆ, ಇಬ್ಬರೇ ಇರುವಾಗ. "ಡ್ರಗ್ಸ್ ಬಿಡ್ತೀಯೋ ಇಲ್ವೋ" ಅಂತ ಶುರು ಮಾಡಬೇಡಿ. "ಆ ಕಿಟಕಿ ರಾತ್ರಿ ನಿನಗೆ ಎಷ್ಟು ಭಯ ಆಗಿತ್ತು ಅಂತ ನೋಡ್ದೆ. ನಿದ್ದೆಗೋಸ್ಕರ ಆದ್ರೂ ಒಂದ್ಸಲ ಡಾಕ್ಟರ್ ನೋಡೋಣ" ಅನ್ನಿ. ಚಟ ಅಂತ ಒಪ್ಪದವನೂ ನಿದ್ದೆ ಕೆಟ್ಟಿದೆ ಅಂತ ಒಪ್ಪುತ್ತಾನೆ. ಅವನ ಸಾಲ ತೀರಿಸಬೇಡಿ, ಆಫೀಸಿಗೆ ಅವನ ಪರವಾಗಿ ಸುಳ್ಳು ಹೇಳಬೇಡಿ, ಊಟ ಮಾತ್ರ ಯಾವತ್ತೂ ನಿಲ್ಲಿಸಬೇಡಿ. ರಾತ್ರಿ ಪಾಳಿ ಬದಲಿಸಲು ಆಗುತ್ತದಾ ನೋಡಿ, ಮಾಲು ಕೊಡುವವರ ನಂಬರ್ ಇರುವ ಸಿಮ್ ಬದಲಾಗಲಿ. ನಡುವೆ ಒಂದು ಸಲ ಜಾರಬಹುದು. ಜಾರಿದ ದಿನ ಬೈದು ಕಳಿಸುವುದಕ್ಕಿಂತ, ಮುಂದಿನ ಅಪಾಯಿಂಟ್‌ಮೆಂಟ್ ತಪ್ಪದ ಹಾಗೆ ನೋಡಿಕೊಳ್ಳಿ.

ಕೊನೆಗೆ ಮದುವೆ. ಖಂಡಿತ ಬೇಡ. ಕನಿಷ್ಠ ಒಂದು ವರ್ಷ ಹುಡುಗಿ ನೋಡುವ ಮಾತೇ ಎತ್ತಬೇಡಿ. ಗೊತ್ತಿಲ್ಲದ ಒಂದು ಹೆಣ್ಣುಮಗುವನ್ನು ತಂದು ಆ ಕಿಟಕಿಯ ಪಕ್ಕ ಕೂರಿಸುವುದು ಅವಳಿಗೆ ಮಾಡುವ ಮೋಸ, ಮತ್ತು ಸಪ್ಪೆ ತಿಂಗಳುಗಳಲ್ಲಿರುವ ನಿಮ್ಮ ತಮ್ಮನ ಮೇಲೆ ಹೊರಲಾಗದ ಭಾರ. ಅಪ್ಪ ನಿಮ್ಮ ಮಾತು ಕೇಳದಿದ್ದರೆ, ಮೊದಲ ಸಲ ಆಸ್ಪತ್ರೆಗೆ ಹೋಗುವಾಗ ಅವರನ್ನೂ ದಾವಣಗೆರೆಯಿಂದ ಕರೆಸಿಕೊಳ್ಳಿ. ಇದೇ ಮಾತನ್ನು ವೈದ್ಯರು ಅವರ ಎದುರಿಗೇ ಹೇಳಲಿ.